ಅಂಗಳದ ಹಳೆ ಮರ: ಹೇಳಿಕೆ ಎಷ್ಟು, ನಿಜ ಎಷ್ಟು

ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ, ಕುಂದಾಪುರದ ಕಡೆ ಓಣಿ ಓಣಿಯಲ್ಲೂ ಗರಗಸದ ಸದ್ದು. ಜೂನಿನ ಗಾಳಿಗೆ ಮಾಡಿನ ಮೇಲೆ ಬೀಳದಿರಲಿ ಎಂದು ಕಾಟು ಮಾವು, ಹಲಸು, ಹೆಬ್ಬಲಸುಗಳ ತಲೆ ತೆಗೆಸುವ ಕಾಲ ಅದು. ಹೆದರಿಕೆ ಸುಳ್ಳಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿಕೊಂಡು ಹೋದದ್ದು ಎಲ್ಲರಿಗೂ ನೆನಪಿದೆ. ಆದರೆ ಹೆದರಿಕೆಗೆ ನಾವು ಮಾಡುತ್ತಿರುವ ಮದ್ದು ಸರಿಯಿಲ್ಲ. ಹಳೆ ಮರಗಳ ಬಗ್ಗೆ ಇಷ್ಟೊಂದು ತಪ್ಪು ಮಾತುಗಳು ಉಳಿದುಕೊಂಡಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ, ಮರದ ನಿಧಾನ. ಇವತ್ತು ಮಾಡಿದ ಗಾಯದ ಫಲ ಐದೋ ಹತ್ತೋ ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗಾಯ ಮಾಡಿದ್ದು ಮರೆತಿರುತ್ತದೆ, ಅಪವಾದ ಗಾಳಿಯ ಮೇಲೆ ಬೀಳುತ್ತದೆ.

"ತಲೆ ಕಡಿಸಿದರೆ ಮರ ಬೀಳುವುದಿಲ್ಲ"

ಮೊದಲ ಮಳೆಗಾಲದ ಮಟ್ಟಿಗೆ ಈ ಮಾತು ನಿಜವೇ. ಎತ್ತರವೂ ಭಾರವೂ ಇಳಿದಿರುತ್ತದೆ, ಗಾಳಿಗೆ ಹಿಡಿತ ಸಿಗುವುದಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ಮರಕ್ಕೆ ಊಟ ಎಲೆಯಿಂದಲೇ. ಎಲೆಯೆಲ್ಲ ಒಂದೇ ದಿನ ಹೋಯಿತೆಂದರೆ ಮರವು ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟವನ್ನು ಸುರಿದು ತೊಗಟೆಯಡಿ ಮಲಗಿದ್ದ ಮೊಗ್ಗುಗಳನ್ನು ಎಬ್ಬಿಸುತ್ತದೆ. ಕಡಿದ ಜಾಗದ ಸುತ್ತ ಗುಂಪುಗುಂಪಾಗಿ ಚಿಗುರು ಏಳುತ್ತದೆ. "ನೋಡಿ, ಎಷ್ಟು ಲಾಯ್ಕ ಚಿಗುರಿದೆ" ಎಂದು ಮನೆಯವರು ಖುಷಿಪಡುತ್ತಾರೆ. ಮರ ಗಾಬರಿಯಲ್ಲಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಸಹಜವಾಗಿ ಬೆಳೆದ ಗೆಲ್ಲು ವರ್ಷವರ್ಷದ ಪದರಗಳಲ್ಲಿ ಕಾಂಡದೊಂದಿಗೆ ಹೆಣೆದುಕೊಂಡು ಬಂದಿರುತ್ತದೆ. ಈ ಚಿಗುರಿಗೆ ಆ ಬುನಾದಿಯಿಲ್ಲ, ಹೊರಪದರಕ್ಕೆ ಅಂಟಿಕೊಂಡಿರುತ್ತದೆ ಅಷ್ಟೆ. ಕೆಲವೇ ವರ್ಷಗಳಲ್ಲಿ ಅದು ಹಳೆಯ ಎತ್ತರ ಮುಟ್ಟುತ್ತದೆ, ತೋಳಿನ ಗಾತ್ರಕ್ಕೆ ಬರುತ್ತದೆ. ಅದರ ಬುಡದಲ್ಲಿ ಕಡಿದು ಬಿಟ್ಟ ಕೊರಡು ಅಷ್ಟೂ ದಿನ ಕೊಳೆಯುತ್ತಿರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೊರೆಯುವ ಚಳಿ ಎಂಬುದಿಲ್ಲ. ಮರಕ್ಕೆ ಹಿತವಾದ ಈ ಮೆತ್ತನೆ ಹವೆ ಮರ ತಿನ್ನುವ ಶಿಲೀಂಧ್ರಕ್ಕೂ ಅಷ್ಟೇ ಹಿತ. ಅದಕ್ಕೆ ಇಲ್ಲಿ ರಜೆಯೇ ಇಲ್ಲ.

ಇನ್ನೊಂದು ರೂಢಿಯಿದೆ. ಹತ್ತಿದವರು ಕೈಗೆ ಸಿಗುವ ಒಳಗಿನ ಸಣ್ಣ ಗೆಲ್ಲುಗಳನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ಸೊಪ್ಪು ಬಿಡುತ್ತಾರೆ. ಮರ ಹಗುರಾದಂತೆ ಕಾಣುತ್ತದೆ. ಆದರೆ ಭಾರವೆಲ್ಲ ತುದಿಗೆ ಹೋಗಿರುತ್ತದೆ, ಗಾಳಿಯ ಹೊಡೆತ ಹಂಚಿಕೊಳ್ಳಲು ಒಳಗೆಲ್ಲುಗಳಿರುವುದಿಲ್ಲ, ಉದ್ದನೆಯ ಗೆಲ್ಲು ನಡುವೆ ಲಟಕ್ಕನೆ ಮುರಿಯುತ್ತದೆ. ತೆಗೆಸಬೇಕಾದದ್ದು ಒಣಗಿದ್ದು, ಸೀಳಿದ್ದು, ಒಂದಕ್ಕೊಂದು ಉಜ್ಜುವುದು, ಮಾಡಿಗೋ ತಂತಿಗೋ ತಾಗುವುದು. ಒಂದು ಸಲಕ್ಕೆ ಹಸಿರಿನ ಕಾಲುಭಾಗ ಮೀರಬಾರದು. ಮುದಿ ಮರಕ್ಕೆ ಅದೂ ಹೆಚ್ಚೇ.

"ನಮ್ಮ ಜಾಗದ ಮರ, ಯಾರನ್ನು ಕೇಳಬೇಕು" ಎನ್ನುವವರಿಗೂ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗಿನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಮರ ಕಡಿಯುವುದು ಎಂಬುದರ ವ್ಯಾಖ್ಯೆಯಲ್ಲಿ ಗೆಲ್ಲು ಸವರುವುದು, ತಲೆ ಬೋಳಿಸುವುದು, ತೊಗಟೆ ಸುಲಿಯುವುದು ಎಲ್ಲವೂ ಸೇರಿವೆ.

"ಡಾಮರು ಬಳಿದರೆ ಗಾಯ ಮಾಯುತ್ತದೆ"

ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗಾಯಗೊಂಡ ಭಾಗವನ್ನು ಮರ ದುರಸ್ತಿ ಮಾಡುವುದಿಲ್ಲ. ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಬಂಧಿಸಿ, ಹೊರಗಿನಿಂದ ಹೊಸ ಮರ ಬೆಳೆಸಿಕೊಳ್ಳುತ್ತದೆ. ಡಾಮರು, ಬಣ್ಣ, ಸಿಮೆಂಟು ಈ ಕೆಲಸಕ್ಕೆ ನೆರವಾಗುವುದಿಲ್ಲ. ಬಿರುಕು ಬಿಟ್ಟು ಒಳಗೆ ತೇವ ಹಿಡಿದಿಡುತ್ತವೆ. ಮಾವಿನ ಕಡಿತಕ್ಕೆ ಹಚ್ಚುವ ಬೋರ್ಡೋ ಮುಲಾಮಿನ ಮಾತು ಬೇರೆ, ಅದು ಶಿಲೀಂಧ್ರನಾಶಕ. ಆದರೂ ಮಳೆಗೆ ತೊಳೆದು ಹೋಗುವಂಥದ್ದು, ತಪ್ಪಾಗಿ ಕಡಿದದ್ದನ್ನು ಅದು ಸರಿಮಾಡಲಾರದು.

ಸರಿಯಾದ ಕಡಿತ ಎಲ್ಲಿ? ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯಂತೆ ಸ್ವಲ್ಪ ಉಬ್ಬಿರುತ್ತದೆ. ಗೋಡೆ ಕಟ್ಟುವ ಶಕ್ತಿಯಿರುವುದು ಆ ಉಬ್ಬಿನಲ್ಲೇ. ಕಾಂಡಕ್ಕೆ ಸಪಾಟಾಗಿ ನಯವಾಗಿ ಕಡಿದರೆ ಅದು ಹೋಯಿತು. ಮೊಳ ಉದ್ದ ಬಿಟ್ಟರೆ ಆ ಕೊರಡು ಸತ್ತು ಕೊಳೆಯುತ್ತದೆ. ಉಬ್ಬನ್ನು ಉಳಿಸಿ, ಅದರ ಹೊರಗೆ ಕಡಿಯಬೇಕು. ದಪ್ಪ ಗೆಲ್ಲಾದರೆ ಮೊದಲು ಒಂದಡಿ ಆಚೆ ಕೆಳಗಿನಿಂದ ಅರ್ಧ ಕೊಯ್ದು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ತುಂಡು ತೆಗೆಯುವುದು. ಹೀಗೆ ಮಾಡಿದರೆ ತೊಗಟೆ ಸೀಳಿಕೊಂಡು ಕೆಳಗಿಳಿಯುವುದಿಲ್ಲ.

"ತಾಯಿಬೇರು ಇದೆಯಲ್ಲ, ಪಕ್ಕದ ಬೇರು ಹೋದರೇನು"

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಮರ ಕೊಂದ ನಂಬಿಕೆ ಇದು. ಬೆಳೆದ ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನೊಳಗೇ ಇರುತ್ತವೆ, ಗಾಳಿ ಇರುವುದು ಅಲ್ಲೇ ಆದ್ದರಿಂದ. ಕೆಳಗೆ ಮುರಕಲ್ಲು ಸಿಕ್ಕರಂತೂ ಬೇರಿಗೆ ಆಳದ ದಾರಿಯೇ ಮುಚ್ಚಿದ ಹಾಗೆ. ಅಡ್ಡಡ್ಡ ಹರಡಿ ಗೆಲ್ಲಿನ ನೆರಳಿಗಿಂತ ಬಹಳ ಆಚೆ, ಕೆಲವೊಮ್ಮೆ ಅದರ ಎರಡು ಮೂರು ಪಟ್ಟು ದೂರ ಹೋಗುತ್ತವೆ. ಮರವನ್ನು ನಿಲ್ಲಿಸಿರುವುದು ಈ ಅಗಲವೇ.

ಈಗ ಕಂಪೌಂಡಿನ ಪಾಯಕ್ಕೆ ಜೆಸಿಬಿ ಬುಡದಿಂದ ಮೂರಡಿ ದೂರದಲ್ಲಿ ಚರಂಡಿ ತೋಡಿತು ಎಂದುಕೊಳ್ಳಿ. ಮರ ಅಲುಗುವುದಿಲ್ಲ, ಎಲೆ ಬಾಡುವುದಿಲ್ಲ. ಮನೆ ಗೃಹಪ್ರವೇಶವಾಗುತ್ತದೆ. ಮೂರು ನಾಲ್ಕು ವರ್ಷದಲ್ಲಿ ನೆತ್ತಿಯ ಗೆಲ್ಲು ಒಣಗಲು ಶುರು. ಆಮೇಲೊಂದು ಆಷಾಢದಲ್ಲಿ, ನೆಲ ನೀರು ಕುಡಿದು ಮೆತ್ತಗಾಗಿರುವಾಗ, ಬೇರಿಲ್ಲದ ಕಡೆಯಿಂದ ಗಾಳಿ ಬೀಸುತ್ತದೆ. ಮರ ಬುಡಮೇಲು. ಪತ್ರಿಕೆಯಲ್ಲಿ ಬರುವುದು "ಗಾಳಿಮಳೆಗೆ ಉರುಳಿದ ಮರ".

ಅಗೆಯುವುದಕ್ಕಿಂತ ತುಂಬಿಸುವುದು ಇನ್ನೂ ಮೋಸದ ಕೆಲಸ. ಅಂಗಳ ಸಮ ಮಾಡಲು ಬುಡಕ್ಕೆ ಎರಡಡಿ ಕೆಂಪು ಮಣ್ಣು ಸುರಿದು ಮೇಲೆ ಇಂಟರ್‌ಲಾಕ್ ಕೂರಿಸಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಪರೀಕ್ಷೆ ಸುಲಭ: ನೆಲಕ್ಕೆ ಇಳಿಯುವಲ್ಲಿ ಕಾಂಡ ಅಗಲವಾಗಿ ಹರಡಿರಬೇಕು. ಕಂಬ ನೆಟ್ಟ ಹಾಗೆ ನೆಟ್ಟಗೆ ಮಣ್ಣಿಗಿಳಿದಿದ್ದರೆ ಬುಡ ಹೂತುಹೋಗಿದೆ ಎಂದೇ ಅರ್ಥ. ಕಟ್ಟೆ ಕಟ್ಟಿ ಮಣ್ಣು ತುಂಬುವುದೂ ಇದೇ ಸಾಲಿನದು. ಬೇಸಗೆಯಲ್ಲಿ ನೀರು ಕೊಡುವುದಾದರೂ ಕಾಂಡಕ್ಕೆ ಸುರಿದು ಪ್ರಯೋಜನವಿಲ್ಲ, ನೆರಳಿನ ಅಂಚಿನಲ್ಲಿ ಕೊಡಬೇಕು. ತರಗೆಲೆಗೆ ಬೆಂಕಿ ಕೊಡುವ ಬದಲು ಅಲ್ಲೇ ಹರಡಿ, ಕಾಂಡಕ್ಕೆ ತಾಗದಂತೆ.

ಪೊಟರೆ, ಅಣಬೆ, ಬಂದಳಿಕೆ

ಪೊಟರೆಯಾದ ಮರ ಇಂದೋ ನಾಳೆಯೋ ಬೀಳುತ್ತದೆ ಎಂಬ ಭಯ ಎಲ್ಲ ಸಲವೂ ಸರಿಯಲ್ಲ. ನೀರು ಹರಿಯುವುದು ಹೊರಗಿನ ಪದರಗಳಲ್ಲಿ, ಒಳಗಿನ ಚೇಗು ಸತ್ತ ಭಾಗವೇ. ಸುತ್ತ ಗಟ್ಟಿ ಮರ ಸಾಕಷ್ಟು ದಪ್ಪ ಉಳಿದಿದ್ದರೆ ಪೊಟರೆ ಮರ ದಶಕಗಟ್ಟಲೆ ನಿಲ್ಲುತ್ತದೆ. ಪೊಟರೆಗೆ ಸಿಮೆಂಟು ತುಂಬಿಸುವುದು ಮಾತ್ರ ಬೇಡ. ಮರ ಗಾಳಿಗೆ ಓಲಾಡುತ್ತದೆ, ಸಿಮೆಂಟು ಓಲಾಡುವುದಿಲ್ಲ, ಒಳಗೇ ತಿಕ್ಕಿ ಗಾಯ ಹೆಚ್ಚಿಸುತ್ತದೆ.

ನಿಜಕ್ಕೂ ಹೆದರಬೇಕಾದದ್ದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಬುಡದಲ್ಲೋ ಕಾಂಡದಲ್ಲೋ ಮರದಂತೆ ಗಟ್ಟಿಯಾದ ಅಣಬೆ ಮೂಡಿದರೆ "ಮಳೆಗೆ ಅಣಬೆ ಬರುವುದೇ" ಎಂದು ಸುಮ್ಮನಾಗುತ್ತೇವೆ. ಅದು ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಕೊಳೆತ ಬಹಳ ದೂರ ಸಾಗಿರುತ್ತದೆ. ಅಂಥ ಮರವನ್ನು ತಿಳಿದವರಿಗೆ ತೋರಿಸಲೇಬೇಕು.

ಮರದ ಮೇಲೆ ಬೆಳೆದದ್ದೆಲ್ಲ ಮರದ ರಕ್ತ ಹೀರುತ್ತದೆ ಎಂದು ಸೀತಾಳೆ ದಂಡೆ, ಜರೀಗಿಡ, ಕಲ್ಲುಹೂಗಳನ್ನೆಲ್ಲ ಕೆರೆದು ಹಾಕುವವರಿದ್ದಾರೆ. ಅವು ಬರೀ ಬಾಡಿಗೆದಾರರು, ಮರದಿಂದ ಏನೂ ಕೇಳುವುದಿಲ್ಲ. ಕಳ್ಳ ಬೇರೆ, ಮಾವಿನ ಮರದ ಬಂದಳಿಕೆ. ಅದರ ಅಂಟು ಬೀಜವನ್ನು ಬದನಿಕೆ ಹಕ್ಕಿ ಗೆಲ್ಲಿಗೆ ಒರೆಸಿ ಹೋಗುತ್ತದೆ, ಬೇರು ಗೆಲ್ಲಿನೊಳಗೆ ಇಳಿದು ನೀರನ್ನೂ ಲವಣವನ್ನೂ ಎಳೆಯುತ್ತದೆ. ಎಲೆ ಕಿತ್ತರೆ ಮತ್ತೆ ಬರುತ್ತದೆ. ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಗೆಲ್ಲನ್ನೇ ತೆಗೆಯಬೇಕು, ಅದು ಕಾಯಿ ಬಿಡುವ ಮುಂಚೆ.

ಕಾಯಿ ಬಿಡದ ಮಾವಿಗೆ ಮೊಳೆ ಹೊಡೆಯುವ ನಂಬಿಕೆಯ ಗುಟ್ಟು ಸರಳ. ಮಾವಿನ ಹಲವು ತಳಿಗಳು ಒಂದು ವರ್ಷ ಬಿಟ್ಟು ಒಂದು ವರ್ಷ ಚೆನ್ನಾಗಿ ಕಾಯಿ ಬಿಡುತ್ತವೆ. ಬರಡು ವರ್ಷದಲ್ಲಿ ಮೊಳೆ ಹೊಡೆದಿರಿ, ಮರುವರ್ಷ ತಾನಾಗಿ ಬರಬೇಕಿದ್ದ ಫಸಲು ಬಂತು, ಕೀರ್ತಿ ಮೊಳೆಗೆ.

"ತೆಂಗಿಗೆ ಏನೂ ಆಗುವುದಿಲ್ಲ"

ಇಷ್ಟು ಹೇಳಿದ್ದರಲ್ಲಿ ಹೆಚ್ಚಿನದು ತೆಂಗಿಗೆ ಹೊಂದುವುದಿಲ್ಲ. ಅದರ ಕಾಂಡದಲ್ಲಿ ಹೊಸ ಮರ ಬೆಳೆಸುವ ಪದರವೇ ಇಲ್ಲ. ಹತ್ತಲು ಅನುಕೂಲವಾಗಲಿ ಎಂದು ಮೂವತ್ತು ವರ್ಷದ ಹಿಂದೆ ಕತ್ತಿಯಲ್ಲಿ ಕೆತ್ತಿದ ಮೆಟ್ಟಿಲು ಇವತ್ತಿಗೂ ಹಾಗೇ ಇರುತ್ತದೆ, ಮುಚ್ಚುವುದಿಲ್ಲ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಕುರುವಾಯಿ ದುಂಬಿ ಸುಳಿಯಲ್ಲಿ ಕೊರೆದ ತೂತೂ ಅದಕ್ಕೆ ಬಾಗಿಲೇ. ಸುಳಿ ಬಾಡಿದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ, ಹಾಗಾಗಿ ಕಾಂಡದಲ್ಲಿ ಸಣ್ಣ ತೂತು, ಕಂದು ರಸ, ಜಗಿದುಗುಳಿದಂಥ ನಾರು ಕಂಡಾಗಲೇ ಎಚ್ಚರವಾಗಬೇಕು. ಮೆಟ್ಟಿಲು ಕೆತ್ತುವ ಬದಲು ಮರ ಹತ್ತುವ ಯಂತ್ರ ಬಳಸಬಹುದು. ಹಸಿ ಮಡಲು ಕಡಿಯಲೇಬೇಕಾದರೆ ಕಾಂಡದ ಹತ್ತಿರ ಕತ್ತಿ ಹಾಕದೆ, ನಾಲ್ಕಡಿ ಬಿಟ್ಟು ಕಡಿಯಿರಿ. ಹುಳು ಅಲ್ಲಿ ಮೊಟ್ಟೆಯಿಟ್ಟರೂ ಮರಿ ಕಾಂಡದ ತನಕ ತಲುಪುವುದು ಕಷ್ಟ.