ಖಿನ್ನತೆಗೆ ಕಾಂತ ಚಿಕಿತ್ಸೆ: ಬೆಂಗಳೂರಿನ ಬಸ್ಸು ಹತ್ತುವ ಮುನ್ನ

‘ಕರೆಂಟ್ ಕೊಡ್ತಾರಂತೆ’ ಎಂಬ ಒಂದೇ ಮಾತಿಗೆ ಹೆದರಿ ನಮ್ಮ ಕಡೆಯ ಎಷ್ಟೋ ಮನೆಯವರು ಮನೋವೈದ್ಯರ ಬಾಗಿಲಿನಿಂದ ಹಿಂದಿರುಗಿದ್ದಾರೆ. ನನ್ನ ತಮ್ಮನ ಖಿನ್ನತೆಗೆ ಎರಡು ಬಗೆಯ ಮಾತ್ರೆಗಳು ಫಲ ಕೊಡದೆ, ವೈದ್ಯರು ಕಾಂತ ಪ್ರಚೋದನೆಯ ಚಿಕಿತ್ಸೆಯನ್ನು ಸೂಚಿಸಿದಾಗ ಕೊಟ್ಟೂರಿನ ನಮ್ಮ ಮನೆಯಲ್ಲಿ ಎದ್ದದ್ದೂ ಅದೇ ಭಯ. ಆದ್ದರಿಂದ ಎರಡರ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದ್ಯುತ್ ಕಂಪನ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು ಮೆದುಳಿನಲ್ಲಿ ಅಲ್ಪಕಾಲದ ಸೆಳವನ್ನು ಉಂಟುಮಾಡುತ್ತಾರೆ. (ನಮ್ಮ ಸಿನಿಮಾಗಳು ಅದಕ್ಕೆ ಅಂಟಿಸಿರುವ ಕೆಟ್ಟ ಹೆಸರು ಅನ್ಯಾಯದ್ದು; ಅನ್ನ ನೀರು ಬಿಟ್ಟು, ಸಾಯುವ ಮಾತಾಡುತ್ತಿರುವ ರೋಗಿಗೆ ಇಂದಿಗೂ ಬೇಗ ಫಲಿಸುವುದು ಅದೇ.) ಟಿಎಂಎಸ್ ಎಂದು ಕರೆಯುವ ಕಾಂತ ಚಿಕಿತ್ಸೆಯಲ್ಲಾದರೋ ಅರಿವಳಿಕೆಯಿಲ್ಲ, ಸೆಳವಿಲ್ಲ, ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾನೆ.

ಎಂಟರ ಅಂಕಿಯ ಆಕಾರದ ತಂತಿಸುರುಳಿಯೊಂದನ್ನು ತಲೆಗೆ ತಾಗಿಸಿ ಹಿಡಿಯುತ್ತಾರೆ. ಅದರಲ್ಲಿ ಹರಿಯುವ ವಿದ್ಯುತ್ತು ಕ್ಷಣಾರ್ಧದಲ್ಲಿ ಏರಿಳಿಯುವುದರಿಂದ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ಸಲೀಸಾಗಿ ದಾಟಿ, ಎರಡು ಮೂರು ಸೆಂಟಿಮೀಟರ್ ಆಳದ ನರಕೋಶಗಳಲ್ಲಿ ಕಿರಿದಾದ ವಿದ್ಯುತ್ತನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಆರಿಸಿಕೊಳ್ಳುವುದು ಎಡ ಹಣೆಯ ಹಿಂದಿನ ಭಾಗವನ್ನು. ಮೊದಲ ದಿನ ತಮ್ಮನ ಹೆಬ್ಬೆರಳು ತಾನಾಗಿ ಅಲುಗುವವರೆಗೆ ಶಕ್ತಿಯನ್ನು ಹೆಚ್ಚಿಸುತ್ತ ಹೋದರು. ಪ್ರತಿ ರೋಗಿಗೂ ಎಷ್ಟು ಪ್ರಮಾಣ ಬೇಕೆಂದು ಅಳೆಯುವುದು ಹಾಗೆ. ಕಿವಿಗೆ ಬಿರಡೆ ಇಡುತ್ತಾರೆ, ಏಕೆಂದರೆ ಯಂತ್ರ ಟಕಟಕನೆ ಜೋರಾಗಿ ಬಡಿಯುತ್ತದೆ. ‘ಯಾರೋ ಬೆರಳಲ್ಲಿ ತಲಿ ಮ್ಯಾಲೆ ತಟ್ಟಿದಂಗಾಕ್ಕೈತಿ ಅಣ್ಣಾ’ ಎಂದ. ಮೊದಲ ವಾರ ತಲೆನೋವಿತ್ತು, ಆಮೇಲೆ ಕಡಿಮೆಯಾಯಿತು. ಸೆಳವು ಬರುವ ಅಪಾಯ ಇದೆಯಾದರೂ ತೀರ ವಿರಳ. ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯೊಳಗೆ ಶ್ರವಣ ಸಾಧನ ಅಳವಡಿಸಿಕೊಂಡವರಿಗೆ ಇದು ಸಲ್ಲದು. ಪೇಸ್‌ಮೇಕರ್ ಇರುವವರು, ಹಿಂದೆ ಫಿಟ್ಸ್ ಬಂದವರು ಮುಚ್ಚಿಡದೆ ಹೇಳಲೇಬೇಕು.

ನಿಜವಾದ ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಬೆಂಗಳೂರಿನವನು ಕಚೇರಿಗೆ ಹೋಗುವ ದಾರಿಯಲ್ಲಿ ಮುಗಿಸಿಕೊಳ್ಳುವ ಇಪ್ಪತ್ತು ನಲವತ್ತು ನಿಮಿಷದ ಚಿಕಿತ್ಸೆ ಕೂಡ್ಲಿಗಿಯ ರೈತನ ಪಾಲಿಗೆ ಒಂದೂವರೆ ತಿಂಗಳ ವನವಾಸ. ಜೊತೆಗೊಬ್ಬರು, ಉಳಿಯಲೊಂದು ನೆಲೆ, ಊರಲ್ಲಿ ಹೊಲ ನೋಡಿಕೊಳ್ಳಲು ಮತ್ತೊಬ್ಬರು. ನಾವು ಬಂಧುಗಳ ಮನೆಯಲ್ಲಿ ಉಳಿದೆವು. ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಗುಳೆ ಹೋಗಿ ಬದುಕುವ ಕುಟುಂಬ ಎಲ್ಲಿ ಉಳಿಯಬೇಕು? ಖಾಸಗಿಯಲ್ಲಿ ಮಾಡಿಸುವವರು ಒಂದು ದಿನದ ದರ ಕೇಳಿ ಸಮಾಧಾನಪಡದೆ ಅದನ್ನು ಮೂವತ್ತರಿಂದ ಗುಣಿಸಿ ನೋಡಲಿ. ಹೊಲ ಅಡವಿಡುವ ಮುನ್ನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ವಿಚಾರಿಸಲಿ.

ಫಲವೇನು? ಮಾತ್ರೆಗೆ ಬಗ್ಗದ ಖಿನ್ನತೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಗಣನೀಯ ಸುಧಾರಣೆ, ಮೂರರಲ್ಲೊಬ್ಬರಿಗೆ ಬಹುತೇಕ ಪೂರ್ಣ ಶಮನ ಎಂಬುದು ಚಿಕಿತ್ಸಾಲಯಗಳ ಅನುಭವ. ಉಳಿದವರಿಗೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಆದವರಿಗೂ ಮರುಕಳಿಸಬಹುದು. ತಮ್ಮನಿಗೆ ಎರಡು ವಾರ ಏನೂ ಆಗಲಿಲ್ಲ. ಹಣ ನೀರಿಗೆ ಹೋಯಿತೆಂದೇ ನಾನು ಅಂದುಕೊಂಡಿದ್ದೆ. ಮೂರನೆಯ ವಾರ ನಿದ್ದೆ ಹತ್ತಿತು. ನಾಲ್ಕನೆಯ ವಾರದ ಒಂದು ಸಂಜೆ ಊರಿಗೆ ತಾನಾಗಿಯೇ ಫೋನ್ ಮಾಡಿ ಈರುಳ್ಳಿಯ ದರ ಕೇಳಿದ. ಎಂಟು ತಿಂಗಳಿಂದ ಅವನು ಯಾವುದರ ದರವನ್ನೂ ಕೇಳಿರಲಿಲ್ಲ. ಪೂರ್ತಿ ಗುಣವಾಗಿದ್ದಾನೆಂದು ಹೇಳಲಾರೆ, ಮಾತ್ರೆ ಮುಂದುವರಿದಿದೆ.

ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಈ ಕಾಂತ ಪ್ರಚೋದನೆಯನ್ನು ಮೊದಲು ತೋರಿಸಿದ್ದು 1985ರಲ್ಲಿ. ಅದೇ ವರ್ಷ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ಆರಂಭಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಲು, ಔಷಧ ಕೊಡಲು ತರಬೇತಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಆಗ ಬಳ್ಳಾರಿಯವೇ, ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗೆ. (ಹರಪನಹಳ್ಳಿ ದಾವಣಗೆರೆಗೆ ಹೋಗಿ ಬಂದದ್ದು ಬೇರೆ ಕಥೆ, 2021ರಿಂದ ಐದೂ ವಿಜಯನಗರ ಜಿಲ್ಲೆಗೆ ಸೇರಿವೆ.) 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಈ ಬಿಸಿಲು ಸೀಮೆ ಎಂಬುದು ಇಲ್ಲಿಯವರಿಗೇ ಗೊತ್ತಿಲ್ಲ.

ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಖಿನ್ನತೆಯುಳ್ಳ ಭಾರತೀಯರಲ್ಲಿ ಶೇ 85ರಷ್ಟು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ‘ಮೈ ಕೈ ನೋವು, ನಿದ್ದಿ ಇಲ್ಲ’ ಎನ್ನುತ್ತ ಬರುವ ಹೆಂಗಸಿಗೆ ಗ್ಲೂಕೋಸ್ ಏರಿಸಿ ಕಳಿಸುವಲ್ಲಿ ಕಾಂತದ ಯಂತ್ರ ತಂದಿಟ್ಟೂ ಪ್ರಯೋಜನವಿಲ್ಲ. ಗುರುತಿಸುವ ಕೆಲಸ ಸರಿಯಾಗಿ ನಡೆದರೆ ಮಾತ್ರ ಯಂತ್ರ ಜಿಲ್ಲೆಗೇ ಬರಲಿ ಎಂದು ಕೇಳುವುದಕ್ಕೆ ಅರ್ಥ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಮೂರು ನಿಮಿಷದ ಪ್ರಚೋದನೆಯೂ ಮೂವತ್ತೇಳು ನಿಮಿಷದ್ದಕ್ಕೆ ಕಡಿಮೆಯಿಲ್ಲವೆಂದು ತೋರಿಸಿದೆ. ಅಂದರೆ ಒಂದೇ ಯಂತ್ರ ದಿನಕ್ಕೆ ಹಲವರಿಗೆ ಒದಗೀತು. ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಇದು ದೊರೆತರೆ ಹಡಗಲಿಯವರು ಬೆಳಿಗ್ಗೆ ಹೋಗಿ ಸಂಜೆಯ ಹೊತ್ತಿಗೆ ಮನೆ ಸೇರಬಹುದು.

ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ.