ಎರೆಹೊಲದಲ್ಲಿ ಅಮೆರಿಕದ ಇತಿಹಾಸ

ಅಮೆರಿಕದ ಇತಿಹಾಸವನ್ನು ಅರಿಯಬಯಸುವವರು ಬಾಸ್ಟನ್, ಗೆಟಿಸ್‌ಬರ್ಗ್, ವಾಷಿಂಗ್ಟನ್‌ಗಳಿಗೆ ಹೋಗುತ್ತಾರೆ. ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗುವ ನಮ್ಮ ಹಿರಿಯರೂ ಅಲ್ಲಿಯ ವಸ್ತುಸಂಗ್ರಹಾಲಯಗಳನ್ನು ತಪ್ಪದೆ ನೋಡಿ ಬರುತ್ತಾರೆ. ಆದರೆ ಆ ಇತಿಹಾಸದ ಒಂದು ಅಧ್ಯಾಯ ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲಗಳಲ್ಲಿಯೂ ನೆರೆಯ ಧಾರವಾಡ ಸೀಮೆಯ ಎರೆಭೂಮಿಯಲ್ಲಿಯೂ ನಡೆಯಿತೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಆಡಳಿತ ಸೇವೆಯಲ್ಲಿದ್ದಷ್ಟು ಕಾಲವೂ, ನಿವೃತ್ತಿಯ ಬಳಿಕವೂ ಈ ಭಾಗದಲ್ಲಿ ಓಡಾಡಿದ್ದೇನೆ. ಅದನ್ನು ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಿತ್ತೂರಿನಿಂದ ಆರಂಭಿಸೋಣ. ಕೋಟೆಯ ಆವರಣದಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೆದುರು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಹತನಾದದ್ದು ಶಾಲಾ ಮಕ್ಕಳಿಗೂ ಗೊತ್ತು. ಈತನ ಸಹೋದರನ ಮಗನೇ ಪ್ರಸಿದ್ಧ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1850ರ ದಶಕದಲ್ಲಿ ಎರಡು ಬಾರಿ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸ ಮಾಡಿದ ಆತ, ಬಳಿಕ ಬರೆದ ‘ದಿ ವರ್ಜೀನಿಯನ್ಸ್’ ಕಾದಂಬರಿಯಲ್ಲಿ ಅಲ್ಲಿಯ ಸ್ವಾತಂತ್ರ್ಯ ಸಮರದ ಎದುರು ಪಕ್ಷಗಳಲ್ಲಿ ನಿಂತ ಇಬ್ಬರು ಸಹೋದರರನ್ನು ಚಿತ್ರಿಸಿದ. ಕಿತ್ತೂರಿಗೂ ಅಮೆರಿಕಕ್ಕೂ ಇರುವ ಈ ನಂಟು ಒಂದು ಕುಟುಂಬದ ಆಕಸ್ಮಿಕ. ಹತ್ತಿಯ ನಂಟು ಹಾಗಲ್ಲ. ಅದನ್ನು ಯೋಚಿಸಿಯೇ ಬೆಸೆಯಲಾಯಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಗುಲಾಮರು. 1860ರ ಜನಗಣತಿಯಂತೆ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಒಂದೇ ದೇಶವನ್ನು ನೆಚ್ಚಿಕೊಳ್ಳುವುದು ಅಪಾಯವೆಂದು ಮೊದಲೇ ಮನಗಂಡಿದ್ದ ಈಸ್ಟ್ ಇಂಡಿಯಾ ಕಂಪನಿ, 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿ ಪ್ರಯೋಗ ನಡೆಸಿತು. ದೇಶದ ಹಲವೆಡೆ ಸೋತ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಮಣ್ಣಿನಲ್ಲಿ ಬೇರೂರಿತು. ಅರಳೆಯಿಂದ ಬೀಜ ಬಿಡಿಸಲು ಅಮೆರಿಕದ ಎಲಿ ವಿಟ್ನಿ 1793ರಲ್ಲಿ ರೂಪಿಸಿದ ಗರಗಸದ ಜಿನ್ನು ಕೂಡ ಅದರ ಬೆನ್ನಿಗೇ ಬಂತು. ಅದನ್ನು ತಯಾರಿಸಿ ದುರಸ್ತಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೇ ಎದ್ದಿತು. ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದ ನಮ್ಮ ಜವಾರಿ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ’ ಎಂದು ಹೆಸರಿತ್ತು. ಹೊಸದಕ್ಕೆ ‘ಧಾರವಾಡ–ಅಮೆರಿಕನ್’ ಎಂಬ ಹೆಸರು ಬಿತ್ತು. ಆಗ ಪರಸಗಡವೆನಿಸಿದ್ದ ಸವದತ್ತಿ ತಾಲ್ಲೂಕು ಹಾಗೂ ಬೈಲಹೊಂಗಲವನ್ನು ಒಳಗೊಂಡಿದ್ದ ಸಂಪಗಾವಿ ತಾಲ್ಲೂಕು ಬೆಳಗಾವಿ ಜಿಲ್ಲೆಯ ಹತ್ತಿಯ ನೆಲಗಳಾಗಿದ್ದವು.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲಿವರ್‌ಪೂಲ್‌ನಲ್ಲಿ ಹತ್ತಿಯ ಧಾರಣೆ 1864ರ ವೇಳೆಗೆ ಸುಮಾರು ನಾಲ್ಕು ಪಟ್ಟಾಯಿತು. ಮುಂಬೈ ಪ್ರಾಂತದ ರೈತ ಹಿಂದೆಂದೂ ಕಾಣದ ಹಣ ಕಂಡ. ಸಾಹುಕಾರರು ಕೇಳುವ ಮೊದಲೇ ಸಾಲ ಕೊಟ್ಟರು. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂಬ ವರ್ತಕರ ಒತ್ತಾಯಕ್ಕೆ ಮಣಿದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈಗೆ ಸೇರಿಸಲಾಯಿತು. ಎಲ್ಲಿಯದೋ ಯುದ್ಧವೊಂದು ನಮ್ಮ ಜಿಲ್ಲೆಗಳ ಗಡಿಯನ್ನೇ ತಿದ್ದಿಸಿತು! 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಸಾಲ ಉಳಿಯಿತು. ಏರಿದ ಬೆಲೆಗಳನ್ನು ನೋಡಿ ಪ್ರಾಂತದ ಹಲವೆಡೆ ಕಂದಾಯವನ್ನೂ ಹೆಚ್ಚಿಸಲಾಯಿತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟಾಗ, ಕಾರಣ ಹುಡುಕಿದ ಆಯೋಗ ಅಮೆರಿಕದ ಯುದ್ಧಕಾಲದ ಸಾಲವನ್ನೂ ಹೆಸರಿಸಬೇಕಾಯಿತು. ಮರುವರ್ಷವೇ ನಮ್ಮ ಜಿಲ್ಲೆಗಳ ಮೇಲೂ ಎರಗಿದ್ದು 1876–78ರ ಮಹಾಕ್ಷಾಮ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಈ ಕಥೆಯ ಪುನರಾವರ್ತನೆ. ಸವದತ್ತಿ ಸಮೀಪದ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿದಾಗ, 1972ರಲ್ಲಿ ಧಾರವಾಡದಿಂದಲೇ ಹೊರಬಂದ ‘ವರಲಕ್ಷ್ಮಿ’ ಹತ್ತಿಯನ್ನು ರೈತರು ನೆಚ್ಚಿ ಬೆಳೆದರು. ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ಈ ಸಂಕರದ ತಾಯಿ ತಳಿಯ ವಂಶಾವಳಿಯಲ್ಲಿ ಹಳೆಯ ಧಾರವಾಡ–ಅಮೆರಿಕನ್ ಹತ್ತಿಯ ರಕ್ತವೂ ಇತ್ತು. ಮತ್ತೆ ಧಾರಣೆ ಕುಸಿಯಿತು. ಜೊತೆಗೆ ಅಭಿವೃದ್ಧಿ ಕರದ ಹೊರೆ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದು ಗೋಲಿಬಾರಿಗೆ ಬಲಿಯಾದರು. 2002ರಲ್ಲಿ ಅಮೆರಿಕದ ಕಂಪನಿಯೊಂದರ ಬಿ.ಟಿ. ತಂತ್ರಜ್ಞಾನ ನಮ್ಮ ಹೊಲಗಳಿಗೆ ಬಂತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ಅದೇ ತಿಂಗಳು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿನ ಶೇ 11ರ ಸುಂಕವನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಜವಳಿ ಉದ್ಯಮಕ್ಕೆ ಆಸರೆ ಬೇಕಿತ್ತು, ನಿಜ. ಆದರೆ ಬಿತ್ತಿ ಮುಗಿಸಿದ ರೈತನ ಲೆಕ್ಕಾಚಾರ ಮತ್ತೊಮ್ಮೆ ಸಮುದ್ರದಾಚೆಯ ನಿರ್ಧಾರದಿಂದ ಏರುಪೇರಾಯಿತು. ಬೆಲೆ ಏರಿದಾಗ ಲಾಭಕ್ಕೆ ಪಾಲುದಾರರು ಹಲವರು. ಇಳಿದಾಗ ನಷ್ಟಕ್ಕೆ ವಾರಸುದಾರ ಒಬ್ಬನೇ.

ಅಂತರ್ಯುದ್ಧದ ಕಾಲದ ಹತ್ತಿಯ ಚರಿತ್ರೆಯಲ್ಲಿ ಮೂವರು ದುಡಿಮೆಗಾರರಿದ್ದಾರೆ. ಗುಲಾಮರ ನೆನಪಿಗೆ ಲೂಸಿಯಾನಾದ ವಿಟ್ನಿ ಪ್ಲಾಂಟೇಷನ್ 2014ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ಹತ್ತಿಯಿಲ್ಲದೆ ಗಿರಣಿಗಳು ನಿಂತು ಉಪವಾಸ ಬಿದ್ದರೂ, 1862ರ ಕೊನೆಯ ದಿನ ಮ್ಯಾಂಚೆಸ್ಟರ್‌ನ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಆ ನಗರದಲ್ಲಿ ಲಿಂಕನ್ ಪ್ರತಿಮೆಯ ಪೀಠದ ಮೇಲೆ ಅವನ ಉತ್ತರವನ್ನು ಕೆತ್ತಲಾಗಿದೆ. ಮೂರನೆಯವನು ನಮ್ಮ ಎರೆಹೊಲದ ಒಕ್ಕಲಿಗ. ಅವನಿಗೆ ಏನಿದೆ?

ನಮ್ಮ ವಸ್ತುಸಂಗ್ರಹಾಲಯಗಳು ಶಿಲ್ಪ, ಶಾಸನ, ಖಡ್ಗಗಳಿಗೆ ಮನ್ನಣೆ ಕೊಟ್ಟಿವೆ. ಅದು ಉಚಿತವೇ. ಬೈಲಹೊಂಗಲದ ಚೆನ್ನಮ್ಮನ ಸಮಾಧಿಯ ಮುಂದೆ ನಿಂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಿತ್ತೂರಿನಲ್ಲಿ ಒಂದು ಕೋಣೆಯನ್ನು ಹತ್ತಿಗೆ ಮೀಸಲಿಡುವುದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ. ಒಂದು ಹಳೆಯ ಜಿನ್ನು, ಜವಾರಿ ಮತ್ತು ಅಮೆರಿಕನ್ ಅರಳೆಯ ಮಾದರಿಗಳು, 1884ರ ಬೆಳಗಾವಿ ಗೆಜೆಟಿಯರ್‌ನ ಪುಟಗಳು, ಅಡತಿ ಅಂಗಡಿಗಳ ಹಳೆಯ ಲೆಕ್ಕದ ಪುಸ್ತಕಗಳು, ಕುಮಟೆಯ ದಾರಿ ತೋರಿಸುವ ಒಂದು ನಕ್ಷೆ – ಇಷ್ಟು ಸಾಕು. ಹಳೆಯ ಜಿನ್ನಿಂಗ್ ಯಂತ್ರಗಳು ಗುಜರಿಗೆ ಸೇರುವ ಮೊದಲು, ಲೆಕ್ಕದ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮೊದಲು ಜಿಲ್ಲಾಡಳಿತವೂ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಈ ಕೆಲಸಕ್ಕೆ ಕೈ ಹಾಕಬೇಕು.

ಎಲ್ಲಮ್ಮನ ಗುಡ್ಡಕ್ಕೆ ಪ್ರತಿವರ್ಷ ಲಕ್ಷಾಂತರ ರೈತಾಪಿ ಜನ ಇದೇ ಸೀಮೆಯ ಮೂಲಕ ಹಾದುಹೋಗುತ್ತಾರೆ. ಪೇಟೆಯ ಧಾರಣೆ ಕುಸಿದಾಗ ಅದನ್ನು ಹಣೆಬರಹವೆಂದು ಒಪ್ಪಿಕೊಂಡವರು ಅವರಲ್ಲಿ ಎಷ್ಟೋ ಮಂದಿ. ಅದು ಹಣೆಬರಹವಲ್ಲ, ಮನುಷ್ಯರು ಕೈಗೊಂಡ ತೀರ್ಮಾನಗಳ ಫಲ, ಅದಕ್ಕೆ ತೇದಿಯೂ ವಿಳಾಸವೂ ಇದೆ ಎಂದು ಆ ಕೋಣೆ ಅವರಿಗೆ ತೋರಿಸಿಕೊಟ್ಟರೆ ಅದರ ಖರ್ಚು ಹುಟ್ಟಿದಂತೆ.