ಟೀವಿಗೆ ಜೋಡಿಸುವ ಪೆಟ್ಟಿಗೆಯನ್ನು ಆರಿಸುವ ಬಗೆ

ಕೃಷ್ಣೆಯ ದಂಡೆಗುಂಟ ಇರುವ ಸತ್ತಿ ಮೊದಲಾದ ಅಥಣಿ ತಾಲೂಕಿನ ಗ್ರಾಮಗಳಲ್ಲಿ ಈಗ ಮಾಳಿಗೆಯ ಮೇಲೆ ಡಿಶ್ಶಿನ ಬಟ್ಟಲು, ಪಡಸಾಲೆಯ ಗೋಡೆಯ ಮೇಲೆ ಟೀವಿ, ಕಿಸೆಯಲ್ಲಿ ಮೊಬೈಲು, ಇವು ಮೂರೂ ಸಾಮಾನ್ಯವಾಗಿವೆ. ಇತ್ತಿತ್ತಲಾಗಿ ನಾಲ್ಕನೆಯದೊಂದು ವಸ್ತುವು ಗೃಹಸ್ಥರ ವಿಚಾರಕ್ಕೆ ಬಂದಿರುವದು. ಅಂತರ್ಜಾಲದಿಂದ ಹರಿದುಬರುವ ಚಿತ್ರಗಳನ್ನೂ, ಮನೆಯವರೇ ತೆಗೆದಿಟ್ಟ ವಿಡಿಯೋಗಳನ್ನೂ ಟೀವಿಯ ಪರದೆಯ ಮೇಲೆ ತೋರಿಸುವ ಅಂಗೈಯಗಲದ ಪೆಟ್ಟಿಗೆಯೇ ಅದು. ಪೇಟೆಯವರು ಅದನ್ನು ಬಾಕ್ಸ್ ಎಂದೂ, ಬೆರಳಿನಂತೆ ಉದ್ದವಾಗಿದ್ದರೆ ಸ್ಟಿಕ್ ಎಂದೂ ಕರೆಯುವರು. ಎರಡು ಮೂರು ಸಾವಿರ ರೂಪಾಯಿಗಳಿಂದ ಹದಿನೈದು ಸಾವಿರದ ವರೆಗೆ ಅದರ ಬೆಲೆಯಿರುವದರಿಂದ, ಅಂಗಡಿಕಾರನ ಮಾತಿಗೆ ತಲೆದೂಗುವ ಮೊದಲು ವಾಚಕರು ಅದರ ಗುಣಾವಗುಣಗಳನ್ನು ತಿಳಿದುಕೊಳ್ಳುವದು ಒಳ್ಳೆಯದು.

ಆಕಾಶದಿಂದ ಬರುವ ಚಿತ್ರವನ್ನು ಹಳ್ಳಿಯ ಪೆಟ್ಟಿಗೆಯಲ್ಲಿ ನೋಡುವದು ಈ ಸೀಮೆಗೆ ತೀರ ಹೊಸದಲ್ಲ. ೧೯೭೫ನೆಯ ಇಸವಿಯ ಅಗಸ್ಟದಿಂದ ೧೯೭೬ರ ಜುಲೈ ವರೆಗೆ, ಒಂದು ವರ್ಷದ ಕಾಲ, ನಮ್ಮ ನೆರೆಯ ವಿಜಾಪುರ ಜಿಲ್ಲೆಯೂ, ಕಲಬುರ್ಗಿ ರಾಯಚೂರು ಜಿಲ್ಲೆಗಳೂ ಸೇರಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗವು ನಡೆಯಿತು. ಅಮೇರಿಕೆಯ ಉಪಗ್ರಹವೊಂದರಿಂದ ಬಂದ ಕಾರ್ಯಕ್ರಮಗಳನ್ನು ಜಾಳಿಗೆಯ ತಂತಿಯಿಂದ ಮಾಡಿದ ದೊಡ್ಡ ಬಟ್ಟಲುಗಳು ಹಿಡಿಯುತ್ತಿದ್ದವು. ಊರವರು ಒಂದೇ ಟೀವಿಯ ಮುಂದೆ ಕೂಡಿ ನೋಡುತ್ತಿದ್ದರು. ಅಂದು ಪೆಟ್ಟಿಗೆಯನ್ನು ಆರಿಸುವವರು ಸರಕಾರದವರು, ತೋರಿಸುವದನ್ನು ಆರಿಸುವವರೂ ಸರಕಾರದವರೇ. ಇಂದು ಎರಡೂ ಆಯ್ಕೆಗಳು ಮನೆಯ ಯಜಮಾನ ಯಜಮಾನಿಯರ ಮೇಲೆ ಬಿದ್ದಿವೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ನಮಗೆ ಈ ಪೆಟ್ಟಿಗೆಯು ಬೇಕೋ ಬೇಡವೋ ಎಂಬದು. ಈಗ ಬರುವ ಹೆಚ್ಚಿನ ಟೀವಿಗಳು ತಾವೇ ಅಂತರ್ಜಾಲಕ್ಕೆ ಹೊಂದಿಕೊಳ್ಳುವವು. ಅಂಥ ಟೀವಿಯು ಮನೆಯಲ್ಲಿದ್ದು ಸರಿಯಾಗಿ ನಡೆಯುತ್ತಿದ್ದರೆ ಬೇರೆ ಪೆಟ್ಟಿಗೆಗೆ ದುಡ್ಡು ಹಾಕುವದು ವ್ಯರ್ಥವೆಂದೇ ನನ್ನ ಮತ. ಸುದ್ದಿ, ಹಾಡು, ಧಾರಾವಾಹಿಗಳಷ್ಟೇ ಸಾಕೆನ್ನುವವರಿಗೆ ೨೦೦೪ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಇದೆ. ಅದಕ್ಕೆ ತಿಂಗಳ ಬಾಡಿಗೆಯಿಲ್ಲ, ಚಂದನ ವಾಹಿನಿಯೂ ಅದರಲ್ಲಿ ಬರುವದು. ಟೀವಿಯು ಗಟ್ಟಿಮುಟ್ಟಾಗಿದ್ದು ಅದರೊಳಗಿನ ತಂತ್ರವು ಮಾತ್ರ ಹಳತಾಗಿ ತಡವರಿಸುತ್ತಿದ್ದರೆ, ಆಗ ಹೊಸ ಟೀವಿಯ ಬದಲು ಪೆಟ್ಟಿಗೆಯನ್ನು ಕೊಳ್ಳುವದು ಜಾಣತನ. ಆದರೆ ಟೀವಿಯ ಹಿಂಬದಿಯಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆಯ ಕಿಂಡಿಯು ಇದೆಯೇ ಎಂದು ನೋಡಿಕೊಂಡೇ ಪೇಟೆಗೆ ಹೋಗಬೇಕು. ಕೆಂಪು, ಬಿಳಿ, ಹಳದಿ ಕಿಂಡಿಗಳು ಮಾತ್ರವಿರುವ ಹಳೆಯ ಗಾಜಿನ ಟೀವಿಗೆ ಇಂದಿನ ಸ್ಟಿಕ್ಕುಗಳು ನೇರವಾಗಿ ಕೂಡಲಾರವು.

ಎರಡನೆಯದು ಅಂತರ್ಜಾಲದ ಲೆಕ್ಕ. ಒಳ್ಳೆಯ ಸ್ಪಷ್ಟತೆಯ ಚಿತ್ರವನ್ನು ಒಂದು ತಾಸು ನೋಡಿದರೆ ಸುಮಾರು ೩ ಜೀಬಿ ಖರ್ಚಾಗುವದು. ೪ಕೆ ಎಂಬ ಅತಿಸೂಕ್ಷ್ಮ ಚಿತ್ರಕ್ಕೆ ತಾಸಿಗೆ ೭ ಜೀಬಿಯ ವರೆಗೆ ಬೇಕು. ದಿನಕ್ಕೆ ೨ ಜೀಬಿಯ ಮೊಬೈಲು ಯೋಜನೆಯನ್ನು ಹಂಚಿಕೊಂಡು ಎರಡು ತಾಸಿನ ಸಿನೇಮಾ ನೋಡ ಹೊರಟವರು ಮಧ್ಯಂತರಕ್ಕೂ ಮುಟ್ಟಲಾರರು. ಆದ್ದರಿಂದ ಮನೆಗೆ ಫೈಬರ್ ತಂತಿಯು ಬಂದಿರದಿದ್ದರೆ ೪ಕೆ ಪೆಟ್ಟಿಗೆಗಾಗಿ ಹೆಚ್ಚಿನ ಹಣವನ್ನು ತೆರುವದರಲ್ಲಿ ಅರ್ಥವಿಲ್ಲ. ಟೀವಿಯೇ ೪ಕೆ ಅಲ್ಲದಿದ್ದರಂತೂ ಕೇಳುವದೇ ಬೇಡ.

ಇನ್ನು ಯಾವ ಪೆಟ್ಟಿಗೆ? ಇಲ್ಲಿ ವಾಚಕರು ಒಂದು ಸಂಗತಿಯನ್ನು ಚೆನ್ನಾಗಿ ಲಕ್ಷ್ಯದಲ್ಲಿಡಬೇಕು. ಹೆಸರು ಊರುಗಳಿಲ್ಲದ ಅಗ್ಗದ ಪೆಟ್ಟಿಗೆಗಳು ಪೇಟೆಯಲ್ಲಿ ಹೇರಳವಾಗಿವೆ. 'ಸಾವಿರ ಚಾನೆಲ್ಲು ಪುಕ್ಕಟೆ' ಎಂದು ಅವುಗಳ ಮೇಲೆ ಬರೆದಿರುವದು. ಇಂಥವುಗಳಲ್ಲಿ ಕೆಲವು ತಯಾರಾಗುವಾಗಲೇ ಕೇಡಿನ ತಂತ್ರಾಂಶವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತವೆಂಬದು ಬಯಲಿಗೆ ಬಂದಿದೆ. ೨೦೨೩ರಲ್ಲಿ ಟಿ೯೫ ಎಂಬ ಪೆಟ್ಟಿಗೆಯ ವಿಷಯವಾಗಿ ಇದು ಪ್ರಕಟವಾಯಿತು. ೨೦೨೫ರ ಜೂನಿನಲ್ಲಿ ಅಮೇರಿಕೆಯ ಎಫ್‌ಬಿಐ ಸಂಸ್ಥೆಯು 'ಬ್ಯಾಡ್‌ಬಾಕ್ಸ್ ೨.೦' ಎಂಬ ಜಾಲದ ಕುರಿತು ಜನರನ್ನು ಎಚ್ಚರಿಸಿತು. ಮರುತಿಂಗಳು ಗೂಗಲ್ ಕಂಪನಿಯು ಆ ಜಾಲದವರ ಮೇಲೆ ದಾವೆ ಹೂಡಿ, ಒಂದು ಕೋಟಿಗೂ ಮಿಕ್ಕಿದ ಯಂತ್ರಗಳು ಅದಕ್ಕೆ ಸಿಕ್ಕಿಬಿದ್ದಿವೆಯೆಂದು ಹೇಳಿತು. ಇಂಥ ಪೆಟ್ಟಿಗೆಯು ನಮ್ಮ ಪಡಸಾಲೆಯಲ್ಲಿ ಕುಳಿತು ಹೊರಗೆ ಸಿನೇಮಾ ತೋರಿಸುತ್ತ, ಒಳಗೆ ನಮ್ಮದೇ ಅಂತರ್ಜಾಲದ ದಾರಿಯನ್ನು ಪರಸ್ಥರ ಕಳ್ಳವ್ಯವಹಾರಕ್ಕೆ ತೆರೆದುಕೊಡುವದು. ಅದೇ ವೈಫೈಯಿಂದ ಮನೆಯವರು ಬ್ಯಾಂಕಿನ ವ್ಯವಹಾರವನ್ನೂ ಮಾಡುವರೆಂಬದನ್ನು ಮರೆಯಬಾರದು. ಮೇಲಾಗಿ, ವೈಡ್‌ವೈನ್ ಎಂಬ ರಕ್ಷಣಾಕ್ರಮದ ಮೊದಲನೆಯ ದರ್ಜೆಯು ಇಲ್ಲದ ಪೆಟ್ಟಿಗೆಗಳಿಗೆ ನೆಟ್‌ಫ್ಲಿಕ್ಸ್, ಪ್ರೈಮ್ ಮುಂತಾದವರು ಮಸುಕಾದ ಚಿತ್ರವನ್ನಷ್ಟೇ ಕಳಿಸುವರು. ಅಗ್ಗದ ಪೆಟ್ಟಿಗೆಯ ಮೇಲೆ '೪ಕೆ' ಎಂದು ಬರೆದದ್ದು ನಿಜವೇ ಇದ್ದರೂ, ಹಣ ಕೊಟ್ಟು ತರಿಸಿಕೊಂಡ ಸಿನೇಮಾ ಮಾತ್ರ ಮಂಜಿನಲ್ಲಿ ಕಂಡಂತೆ ಕಾಣುವದು.

ಹೆಸರಾಂತ ಕಂಪನಿಗಳ ಪೆಟ್ಟಿಗೆಗಳೂ ಚಿರಂಜೀವಿಗಳಲ್ಲ. ಗೂಗಲ್ಲಿನ ಕ್ರೋಮ್‌ಕಾಸ್ಟ್ ೨೦೧೩ರಲ್ಲಿ ಹುಟ್ಟಿತು. ೨೦೨೪ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. ೨೦೨೫ರ ಮಾರ್ಚದಲ್ಲಿ, ೨೦೧೫ರ ಮಾದರಿಯ ಕ್ರೋಮ್‌ಕಾಸ್ಟುಗಳು ಲೋಕದ ತುಂಬ ಏಕಾಏಕಿ ನಿಂತುಬಿಟ್ಟವು. ಯಂತ್ರವು ಕೆಟ್ಟಿರಲಿಲ್ಲ; ಅದರೊಳಗಿನ ಗುರುತಿನ ಪತ್ರವೊಂದರ ಹತ್ತು ವರ್ಷಗಳ ಅವಧಿಯು ಮುಗಿದಿತ್ತು, ಅಷ್ಟೇ. ಕಂಪನಿಯವರು ಕೆಲವು ದಿನಗಳಲ್ಲಿ ಸರಿಪಡಿಸಿದರು. ಅಮೇಜಾನಿನವರು ೨೦೨೫ರಲ್ಲಿ 'ವೇಗಾ' ಎಂಬ ತಮ್ಮದೇ ಹೊಸ ತಂತ್ರವ್ಯವಸ್ಥೆಯುಳ್ಳ ಸ್ಟಿಕ್ಕನ್ನು ಹೊರತಂದರು. ಆಂಡ್ರಾಯ್ಡಿಗೆಂದು ಮಾಡಿದ ಆ್ಯಪುಗಳು ಅದರಲ್ಲಿ ಇದ್ದಂತೆ ನಡೆಯಲಾರವು. ಹೆಸರೊಂದೇ ಇದ್ದರೂ ಒಳಗಿನ ವಸ್ತು ಬೇರೆಯಾಗಿರಬಹುದಾದ್ದರಿಂದ, ತಾವು ನೋಡುವ ಆ್ಯಪುಗಳ ಯಾದಿಯನ್ನು ಬರೆದುಕೊಂಡು ಹೋಗಿ, ಪ್ರತಿಯೊಂದೂ ಆ ಪೆಟ್ಟಿಗೆಯಲ್ಲಿ ಬರುವದೋ ಎಂದು ಕೇಳಬೇಕು. ಪ್ರಸಾರ ಭಾರತಿಯವರು ೨೦೨೪ರ ನವೆಂಬರದಲ್ಲಿ ಆರಂಭಿಸಿದ 'ವೇವ್ಸ್' ಎಂಬುದನ್ನೂ ಯಾದಿಯಲ್ಲಿ ಸೇರಿಸಿಕೊಳ್ಳಬಹುದು.

ಇಷ್ಟು ಪರರ ಚಿತ್ರಗಳ ಮಾತಾಯಿತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹೆಚ್ಚಿನದು ಮನೆಯ ಸ್ವಂತ ವಿಡಿಯೋಗಳ ವಿಚಾರ. ಮಗಳ ಲಗ್ನ, ಮೊಮ್ಮಗನ ತೊಟ್ಟಿಲು, ತೀರಿಹೋದ ಅಜ್ಜಿಯು ಬೀಸುಕಲ್ಲಿನ ಪದ ಹೇಳಿದ್ದು, ಜಾತ್ರೆಯ ರಾತ್ರಿ ಊರವರು ಆಡಿದ ಕೃಷ್ಣಪಾರಿಜಾತದ ಆಟ, ಇವು ಯಾವ ಕಂಪನಿಯ ಭಂಡಾರದಲ್ಲಿಯೂ ಸಿಕ್ಕುವವಲ್ಲ. ಸಿನೇಮಾ ಒಂದು ಕಡೆಗೆ ಇಲ್ಲದಿದ್ದರೆ ಇನ್ನೊಂದು ಕಡೆಗೆ ಇದ್ದೀತು. ಅಜ್ಜಿಯ ಧ್ವನಿಯು ಆ ಒಂದು ಮೊಬೈಲಿನಲ್ಲಿ ಮಾತ್ರ ಇರುವದು. ವಿಷಾದದ ಸಂಗತಿಯೆಂದರೆ, ಅಂಗಡಿಯಲ್ಲಿ ಪೆಟ್ಟಿಗೆಯನ್ನು ತೋರಿಸುವವರು ಈ ಉಪಯೋಗದ ಮಾತನ್ನೇ ಎತ್ತುವದಿಲ್ಲ.

ಇದಕ್ಕೆ ಬೇಕಾದದ್ದು ಮುಖ್ಯವಾಗಿ ಯುಎಸ್‌ಬಿ ಕಿಂಡಿ. ಆಪಲ್ ಟೀವಿಯ ೪ಕೆ ಪೆಟ್ಟಿಗೆಯು ಬಹಳ ನಯವಾಗಿ ಕೆಲಸ ಮಾಡುವದಾದರೂ ಅದಕ್ಕೆ ಆ ಕಿಂಡಿಯೇ ಇಲ್ಲ. ಅಂಥದಕ್ಕೆ ಮನೆಯ ಕಂಪ್ಯೂಟರಿನಿಂದ ವೈಫೈ ಮೂಲಕವೇ ಚಿತ್ರವನ್ನು ಕಳಿಸಬೇಕು. ಪ್ಲೆಕ್ಸ್, ಜೆಲ್ಲಿಫಿನ್ ಎಂಬ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ಆದರೆ ಕಂಪ್ಯೂಟರನ್ನು ಹಗಲಿರುಳು ಹಚ್ಚಿಡುವದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಹಳ್ಳಿಯ ಮನೆಗೆ ಯುಎಸ್‌ಬಿ ಕಿಂಡಿಯಿದ್ದು, ಗೂಗಲ್ಲಿನ ಒಪ್ಪಿಗೆ ಪಡೆದ ಆಂಡ್ರಾಯ್ಡ್ ಪೆಟ್ಟಿಗೆ, ಅದರಲ್ಲಿ ವಿಎಲ್‌ಸಿ ಎಂಬ ಉಚಿತ ಆ್ಯಪು, ಇವೆರಡು ಕೂಡಿದರೆ ಸಾಕು.

ಇಲ್ಲಿ ಎರಡು ತೊಡಕುಗಳು ಬರುವವು. ಇಂದಿನ ಮೊಬೈಲುಗಳಲ್ಲಿ ಹಲವು, ಚಿತ್ರವನ್ನು ಎಚ್.೨೬೫ ಎಂಬ ಬಿಗಿಯಾದ ರೀತಿಯಲ್ಲಿ ಮಡಿಚಿಡುತ್ತವೆ. ೨೦೧೩ರಲ್ಲಿ ಬಳಕೆಗೆ ಬಂದ ಈ ರೀತಿಯನ್ನು ಹಳೆಯ ಪೆಟ್ಟಿಗೆಗಳು ಬಿಚ್ಚಲಾರವು. ಆಗ ಧ್ವನಿ ಬರುವದು, ಚಿತ್ರ ಬಾರದು; ಇಲ್ಲವೆ ಚಿತ್ರವು ಕುಂಟುತ್ತ ಬರುವದು. ಇನ್ನೊಂದು ಪೆನ್ ಡ್ರೈವಿನದು. ಫ್ಯಾಟ್೩೨ ಎಂಬ ಕ್ರಮದಲ್ಲಿ ಸಿದ್ಧಪಡಿಸಿದ ಡ್ರೈವು ೪ ಜೀಬಿಗಿಂತ ದೊಡ್ಡದಾದ ಒಂದು ಕಡತವನ್ನು ಎಂದಿಗೂ ಒಳಗೆ ತೆಗೆದುಕೊಳ್ಳದು. ಐಫೋನಿನಲ್ಲಿ ೪ಕೆ ಚಿತ್ರವು ನಿಮಿಷಕ್ಕೆ ಸುಮಾರು ೧೭೦ ಎಂಬಿಯಂತೆ ಬೆಳೆಯುವದರಿಂದ, ಒಂದು ತಾಸಿನ ಆಟವು ೧೦ ಜೀಬಿಯಾಗುವದು. ಡ್ರೈವಿನಲ್ಲಿ ೬೪ ಜೀಬಿ ಖಾಲಿಯಿದ್ದರೂ ಅದು ಹಿಡಿಸದು! ಎಕ್ಸ್‌ಫ್ಯಾಟ್ ಎಂಬ ಕ್ರಮಕ್ಕೆ ಬದಲಿಸಿಕೊಂಡರೆ ಈ ಅಡ್ಡಿಯಿಲ್ಲ. ಆದರೆ ಬದಲಿಸುವಾಗ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುವದರಿಂದ ಮೊದಲು ಬೇರೆಡೆಗೆ ನಕಲಿಸಿಕೊಳ್ಳಬೇಕು. ಮತ್ತು ಕೊಳ್ಳುವ ಪೆಟ್ಟಿಗೆಯು ಆ ಕ್ರಮವನ್ನು ಓದಬಲ್ಲದೋ ಎಂದೂ ನೋಡಬೇಕು.

ನಮ್ಮ ಕಡೆಗೆ ಪೇಟಿಯೆಂದರೆ ಹಾರ್ಮೋನಿಯಂ ಎಂದೇ ತಿಳಿಯುವರಷ್ಟೆ. ಅದನ್ನು ನುಡಿಸಿ ನೋಡದೆ ಯಾರೂ ದುಡ್ಡು ಎಣಿಸುವದಿಲ್ಲ. ಈ ಪೆಟ್ಟಿಗೆಯನ್ನೂ ಹಾಗೆಯೇ ನೋಡಿ ತರಬೇಕು. ಮನೆಯ ಮೂರು ವಿಡಿಯೋಗಳನ್ನು, ಒಂದು ಹೊಸ ಮೊಬೈಲಿನದು, ಒಂದು ಹಳೆಯ ಮೊಬೈಲಿನದು, ಒಂದು ಫೋಟೋದವರು ಕೊಟ್ಟ ಲಗ್ನದ್ದು, ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಹೋಗಿ, ಅಂಗಡಿಯ ಟೀವಿಗೇ ಹಚ್ಚಿಸಿ, ನಡುವೆ ಮುಂದೆ ಹಿಂದೆ ಓಡಿಸಿ ನೋಡಬೇಕು. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಆ ಅಕ್ಷರಗಳು ಸರಿಯಾಗಿ ಮೂಡುವವೋ, ಬರಿಯ ಚೌಕಗಳಾಗುವವೋ ಎಂಬದೂ ಆಗಲೇ ತಿಳಿಯುವದು. ಮುಪ್ಪಿನವರಿರುವ ಮನೆಯಾದರೆ ರಿಮೋಟನ್ನು ಅವರ ಕೈಗೆ ಕೊಟ್ಟು ನೋಡುವದು ಮೇಲು. ಗುಂಡಿಗಳು ಕಡಿಮೆಯಿದ್ದಷ್ಟೂ ಸುಲಭವೆಂದು ಮಾರುವವರು ಹೇಳುವರು. ಆದರೆ ಅಂಕಿಯ ಗುಂಡಿಗಳಿಗೆ ರೂಢಿಯಾದ ಕೈಗೆ ಅದೇ ತೊಡಕಾಗುವದುಂಟು.

ವಿದ್ಯುತ್ತಿನ ವಿಚಾರವನ್ನೂ ಬಿಡುವಂತಿಲ್ಲ. ಕರೆಂಟು ಹೋಗಿ ಇನ್‌ವರ್ಟರಿನ ಮೇಲೆ ಟೀವಿ ನಡೆದರೂ, ವೈಫೈ ರೌಟರಿಗೆ ಆಸರೆಯಿಲ್ಲದಿದ್ದರೆ ಚಿತ್ರ ನಿಲ್ಲುವದು. ರೌಟರಿಗೆಂದೇ ಸಿಗುವ ಸಣ್ಣ ಬ್ಯಾಟರಿಯೊಂದನ್ನು ಹಚ್ಚಿದರೆ ಆಯಿತು. ಹಳೆಯ ನಮೂನೆಯ ಯುಎಸ್‌ಬಿ ಕಿಂಡಿಯು ಅರ್ಧ ಆಂಪಿಯರಿನಷ್ಟೇ ವಿದ್ಯುತ್ತನ್ನು ಕೊಡುವದರಿಂದ ತಿರುಗುವ ಹಾರ್ಡ್ ಡಿಸ್ಕು ಅದರ ಮೇಲೆ ಟಕಟಕ ಸಪ್ಪಳ ಮಾಡುತ್ತ ನಿಲ್ಲಬಹುದು. ಆ ಸಪ್ಪಳ ಕೇಳಿದ ಕೂಡಲೆ ಡಿಸ್ಕನ್ನು ಬಿಚ್ಚಬೇಕು. ಹಾಗೆಯೇ ನಡೆಸಿದರೆ ಒಳಗಿನದು ಕೆಡುವ ಭಯವುಂಟು.

ಪೆಟ್ಟಿಗೆಯು ತೋರಿಸುವ ಸಾಧನವೇ ಹೊರತು ಕಾಯ್ದಿಡುವ ಸಾಧನವಲ್ಲ. ೨೦೧೯ರ ಅಗಸ್ಟದಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಅಥಣಿ, ಚಿಕ್ಕೋಡಿ, ರಾಯಬಾಗ ತಾಲೂಕುಗಳ ನದೀತೀರದ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಬಿದ್ದವು. ನೀರಿನಲ್ಲಿ ನೆನೆದ ಕ್ಯಾಸೆಟ್ಟು, ಸೀಡಿ, ಡಿಸ್ಕುಗಳನ್ನು ಯಾವ ಪೆಟ್ಟಿಗೆಯೂ ಆಡಿಸಲಾರದು. ಆದುದರಿಂದ ಪೆಟ್ಟಿಗೆಗೆ ಕಾದಿಟ್ಟ ಹಣದಲ್ಲಿ ಒಂದು ಪಾಲನ್ನು ತೆಗೆದು ಎರಡು ಹಾರ್ಡ್ ಡಿಸ್ಕುಗಳನ್ನು ಕೊಂಡು, ಎರಡರಲ್ಲಿಯೂ ಅವೇ ವಿಡಿಯೋಗಳನ್ನು ತುಂಬಿ, ಒಂದನ್ನು ಟೀವಿಯ ಹತ್ತಿರವೂ ಇನ್ನೊಂದನ್ನು ನದಿಯಿಂದ ದೂರದ ಊರಿನಲ್ಲಿರುವ ಮಗಳ ಮನೆಯಲ್ಲಿಯೂ ಇಡುವದು ಲೇಸು. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಉಳಿದಿರುವ ಹಳೆಯ ಲಗ್ನಗಳಿದ್ದರೆ, ಅವುಗಳನ್ನು ನಡೆಸುವ ಯಂತ್ರವು ಫೋಟೋ ಸ್ಟುಡಿಯೋದವರಲ್ಲಿ ಇನ್ನೂ ಇರುವಾಗಲೇ ನಕಲು ಮಾಡಿಸಿಕೊಳ್ಳಬೇಕು; ೨೦೧೬ರಲ್ಲಿಯೇ ಅಂಥ ಯಂತ್ರಗಳ ತಯಾರಿಕೆಯು ನಿಂತಿದೆ. ದೀಪಾವಳಿಗೆ ಮಗಳು ತವರಿಗೆ ಬರುವಾಗ ಆ ಎರಡನೆಯ ಡಿಸ್ಕನ್ನು ತರಲು ಹೇಳಿದರೆ, ವರ್ಷದ ಹೊಸ ವಿಡಿಯೋಗಳನ್ನು ಅದಕ್ಕೆ ಸೇರಿಸಿ ಕಳಿಸಬಹುದು.